ಹಿತ್ತಲ ಬಾವಿ

ಸಾಲಗುಂದಕ್ಕೆ ನಾನು ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಜೋಳಕ್ಕೂ ಎಳೆದಾಟವಿತ್ತು. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದೆ, ಊರ ಬಾವಿಯಿಂದ ನೀರು ಹೊರುತ್ತಿದ್ದೆ, ದಾರಿಯುದ್ದಕ್ಕೂ ಗೆಳತಿಯರ ಜೊತೆ ಬಾಯಿಗೆ ಬಂದಂತೆ ಹರಟುತ್ತಿದ್ದೆ. ಆಮೇಲೆ ಕಾಲುವೆ ನೀರು ಬಂತು, ನೆಲ್ಲು ಬೆಳೆಯಿತು, ಕೈಯಲ್ಲಿ ದುಡ್ಡಾಡಿತು. ಮೊದಲು ನನಗೆ ಹೊಲದ ಕೆಲಸ ಬಿಡಿಸಿದರು. ಮರುವರ್ಷ ಹಿತ್ತಲಲ್ಲೇ ಬಾವಿ ತೋಡಿಸಿದರು.

"ಇನ್ನ ನೀ ಹೊರಗ ಹೋಗೋದು ಬ್ಯಾಡವಾ, ನಮ್ಮ ಮನಿ ಈಗ ಮೊದಲಿನಂಗಿಲ್ಲ" ಅಂದರು ಅತ್ತೆ. ಪ್ರೀತಿಯಿಂದಲೇ ಅಂದರು. ನನಗೆ ಸಿಟ್ಟು ಬಂದಿದ್ದೇ ಅದಕ್ಕೆ.

ಮೂರು ತಿಂಗಳು ಗೋಡೆ ನೋಡಿ ನೋಡಿ ಸಾಕಾಗಿ, ಒಂದು ದಿನ ಬೇಕಂತಲೇ ಹಗ್ಗದ ಸಮೇತ ಕೊಡವನ್ನು ಬಾವಿಗೆ ಬಿಟ್ಟೆ. ಬಿದ್ದ ಕೊಡ ಎತ್ತುವ ಪಾತಾಳಗರಡಿ, ಆ ಕಬ್ಬಿಣದ ಕೊಕ್ಕೆಗಳ ಗೊಂಚಲು, ನಮ್ಮ ಓಣಿಗೆಲ್ಲ ಒಂದೇ ಇತ್ತು, ಊರ ಅಗಸಿ ಬಾಗಿಲ ಹತ್ತಿರದ ಬಡಿಗೇರ ಮನೆಯಲ್ಲಿ. ಅತ್ತೆಗೆ ಮೊಣಕಾಲು ನೋವು. ತರಲು ನಾನೇ ಹೋದೆ. ಬರುವಾಗ ನಾಲ್ಕು ಮನೆ ಹೊಕ್ಕು, ಹೊತ್ತು ಮುಳುಗಿಸಿಕೊಂಡು ಬಂದೆ. ಅದೇ ವಾರ ಕೊಡ ಇನ್ನೂ ಎರಡು ಸಲ ಬಿತ್ತು.

ಗಂಡ ಬೈಯಲಿಲ್ಲ. ಸಿಂಧನೂರ ಸಂತೆಯಿಂದ ಹೊಸ ಪಾತಾಳಗರಡಿ ತಂದು, ಬಾವಿಯ ಪಕ್ಕದ ಗೂಟಕ್ಕೆ ನೇತುಹಾಕಿದರು.

"ನಮಗೇನು ಕಮ್ಮಿ ಐತಿ?" ಅಂದರು. "ಇನ್ನ ಮಂದಿ ಮನಿಗೆ ಹೋಗೋದು ಬ್ಯಾಡ."