ಲೋಕಲ್ ಕ್ಯಾಂಡಿಡೇಟ್

ಒಂಬತ್ತು ವರ್ಷ ನಾನು ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಕಡೂರಿನಲ್ಲಿ ನಾಲ್ಕು ವರ್ಷ, ತರೀಕೆರೆಯಲ್ಲಿ ಎರಡು, ಅಜ್ಜಂಪುರದಲ್ಲಿ ಮೂರು. ಆದರೆ ಕಾಗದದ ಮೇಲೆ ನಾನು ಮೇಷ್ಟ್ರಲ್ಲ, ‘ಲೋಕಲ್ ಕ್ಯಾಂಡಿಡೇಟ್’. ಜೂನ್‌ನಲ್ಲಿ ತೆಗೆದುಕೊಳ್ಳುವುದು, ಮಾರ್ಚ್ ಮುಗಿದರೆ ಕಳಿಸುವುದು. ಮಧ್ಯೆ ಕಾಯಂ ಆದವರು ಯಾರಾದರೂ ಬಂದರೆ ಅವತ್ತೇ ಜಾಗ ಬಿಡಬೇಕು. ಎಂಬತ್ತೊಂದನೇ ಇಸವಿಯಲ್ಲಿ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆ ಬಂತು. ನನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ.

ಸಂದರ್ಶನದ ಹಿಂದಿನ ದಿನ ಸ್ಟಾಫ್ ರೂಮಿನ ದಪ್ಪ ಡಿಕ್ಷನರಿ ತೆಗೆದೆ. ಓದಿಕೊಳ್ಳುವುದಕ್ಕಲ್ಲ, ಸಿಟ್ಟಿಗೆ. ಇಷ್ಟು ವರ್ಷ ನನ್ನ ಬೆನ್ನು ಬಿಡದ ಈ ‘ಕ್ಯಾಂಡಿಡೇಟ್’ ಎಂಬ ಹಾಳು ಪದ ಎಲ್ಲಿಂದ ಬಂತು ನೋಡೋಣ ಎಂದು. ಲ್ಯಾಟಿನ್ನಿನಲ್ಲಿ ‘ಕ್ಯಾಂಡಿಡಸ್’ ಎಂದರೆ ಬೆಳ್ಳಗೆ ಹೊಳೆಯುವುದು. ಹಳೆಯ ರೋಮಿನಲ್ಲಿ ಅಧಿಕಾರದ ಹುದ್ದೆ ಬೇಡುವವರು ಬಟ್ಟೆಗೆ ಸೀಮೆಸುಣ್ಣ ತಿಕ್ಕಿ, ಬೆಳ್ಳಗೆ ಮಾಡಿಕೊಂಡು ಜನರ ಮುಂದೆ ಹೋಗುತ್ತಿದ್ದರಂತೆ.

ಬೆಳಿಗ್ಗೆ ನೋಡಿದರೆ ನನ್ನ ಒಂದೇ ಬಿಳಿ ಅಂಗಿಯ ಜೇಬಿನ ಮೇಲೆ ಇಂಕಿನ ಕಲೆ. ಹೆಂಡತಿ ನನ್ನ ಚೀಲದಿಂದ ಸೀಮೆಸುಣ್ಣ ತೆಗೆದು ಉಜ್ಜುತ್ತಾ ಕೂತಳು. ನಾನು ರೋಮಿನ ಕಥೆ ಹೇಳಿದೆ.

“ಅವ್ರಿಗಾದ್ರೂ ಕೆಲ್ಸ ಸಿಕ್ತೇನ್ರೀ?”

“ಕೆಲವ್ರಿಗೆ ಸಿಕ್ಕಿರ್ಬೇಕು ಕಣೇ.”

“ಇದೊಂದ್ ಆಗ್ಲಿಲ್ಲ ಅಂದ್ರೆ, ಇನ್ನೊಂದ್ ಊರಿಗೆ ಪಾತ್ರೆ ಪಡಗ ಹೊರೋಕೆ ನನ್ ಕೈಲಾಗಲ್ಲ, ಹೇಳ್ಬಿಟ್ಟಿದೀನಿ” ಎಂದಳು.

ಸಂದರ್ಶನದಲ್ಲಿ ಯಾವುದಾದರೂ ಒಂದು ಪದದ ಹುಟ್ಟು ಹೇಳಿ ಎಂದರು. ನನಗೆ ಬೇರೆ ಯಾವುದು ಬರಬೇಕು? ಅದನ್ನೇ ಹೇಳಿದೆ. ದೊಡ್ಡ ಅಧಿಕಾರಿ ನಕ್ಕು, “ನಮಗೇ ಗೊತ್ತಿರ್ಲಿಲ್ಲ ನೋಡಿ ಮೇಷ್ಟ್ರೇ” ಎಂದರು. ಬಸ್ಸಿನಲ್ಲಿ ಕೂತು, ಸದ್ಯ, ಅಲೆದಾಟ ಮುಗಿಯಿತು ಅಂದುಕೊಂಡೆ.

ಪಟ್ಟಿ ಬಂತು. ನನ್ನ ಹೆಸರಿರಲಿಲ್ಲ. ಎಂದಿನ ಹಾಗೆ ಅಜ್ಜಂಪುರದ ಕ್ಲಾಸಿಗೇ ಹೋಗುತ್ತಿದ್ದೆ.

ಒಂದು ಸೋಮವಾರ, ಎರಡನೇ ಪೀರಿಯಡ್ಡಿನ ಹೊತ್ತಿಗೆ, ಹೆಡ್‌ಮಾಸ್ಟರು ನನ್ನ ಜಾಗಕ್ಕೆ ಕಾಯಂ ಆಗಿ ಬಂದವನನ್ನು ಕ್ಲಾಸಿಗೆ ಕರೆತಂದರು. ಕಡೂರಿನಲ್ಲಿ ನನ್ನ ಹತ್ತಿರ ಹತ್ತನೇ ಕ್ಲಾಸು ಓದಿದ್ದವನು! ನನ್ನನ್ನು ಕಂಡದ್ದೇ ಕಾಲಿಗೆ ಬಿದ್ದ.

“ಇದು ನಿಮ್ ಜಾಗ ಅಂತ ಗೊತ್ತಿರ್ಲಿಲ್ಲ ಸಾರ್.”

“ನಿಂದೇನಪ್ಪಾ ತಪ್ಪು? ಏಳು, ಏಳು.”

ಅವನು ಅಂಜುತ್ತಲೇ, “ಸಾರ್, ನಿಮ್ ನೋಟ್ಸ್ ಇದ್ರೆ...” ಎಂದ. ಒಂಬತ್ತು ವರ್ಷದ ನೋಟ್ಸನ್ನು ಅವನ ಕೈಗಿಟ್ಟು ಹೊರಗೆ ಬಂದೆ. ಒಳಗೆ ಪಾಠ ಶುರುವಾಯಿತು. ಚೆನ್ನಾಗಿಯೇ ಮಾಡುತ್ತಿದ್ದ, ನಾನು ಹೇಳಿಕೊಟ್ಟ ಹಾಗೆಯೇ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಮನೆಗೆ ಹೋಗಿ ಅವಳಿಗೆ ಏನು ಹೇಳುವುದೋ ತಿಳಿಯದೆ, ಗಂಟೆ ಹೊಡೆಯುವವರೆಗೂ ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ.