ಮೇಲೆ ಹಾಕಿದ ಹಲ್ಲು

ಸೋಮವಾರ ಬೆಳಿಗ್ಗೆ ಪ್ರಯೋಗಾಲಯದ ಬೀರು ತೆರೆದ ಸಂಘಮಿತ್ರಾಳ ಮುಖ ಬಿಳಿಚಿಕೊಂಡಿತು. "ಜಟ್ಟೆಮ್ಮಾ, ನನ್ನ ಹಲ್ಲುಗಳೆಲ್ಲಿ ಹೋದ್ವು?"

ಜಟ್ಟೆಮ್ಮನ ಕೈಯ ಪೊರಕೆ ನಿಂತಿತು. ಸೇಡಂ ಕಡೆಯಿಂದ ಬಂದು ಹದಿನಾರು ವರ್ಷ ದೊಮ್ಮಲೂರಿನ ಕಟ್ಟಡಗಳಿಗೆ ಸಿಮೆಂಟು ಹೊತ್ತ ಮೈ ಅದು. ಹಲಸೂರಿನ ಈ ದಂತ ಕಾಲೇಜಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಮೇಲೆಯೇ ಸೊಂಟಕ್ಕೆ ಜೀವ ಬಂದದ್ದು. ಇದು ಹೋದರೆ ಮತ್ತೆ ಬುಟ್ಟಿಯೇ ಗತಿ.

ಸಂಘಮಿತ್ರಾ ಇಲ್ಲಿ ಓದುವ ಹುಡುಗಿ. ಮಕ್ಕಳ ಹನ್ನೆರಡು ಹಾಲುಹಲ್ಲುಗಳನ್ನು ಜ್ಯೇಷ್ಠಮಧುವಿನ ಸಾರದಲ್ಲಿ ನೆನೆಹಾಕಿದ್ದಳು. ಹುಳಿಗೆ ಸವೆದ ಎನಾಮೆಲ್ ಈ ಬೇರಿನ ರಸಕ್ಕೆ ಮತ್ತೆ ಗಟ್ಟಿಯಾಗುತ್ತದೋ ನೋಡಬೇಕಿತ್ತು. ಮೂರು ವಾರ ಕಾದು ಅಳೆಯುವ ದಿನವೇ ಇವತ್ತು.

"ಶನಿವಾರ ನೀವೇ ಅಂದ್ರಲ್ರೀ ಎವ್ವಾ, ಹಾಲುಹಲ್ಲು ಮೇಲೆ ಹಾಕ್ಬಿಡಿ ಅಂತ. ಹಾಕೀನ್ರಿ."

"ಮೇಲಿನ ಶೆಲ್ಫ್ ಖಾಲಿ ಇದೆಯಲ್ಲಾ!"

"ಸೂರಿನ ಮ್ಯಾಲ್ರಿ. ಸೆಗಣ್ಯಾಗ ಇಟ್ಟು ಒಗದೀನಿ."

ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದಂತಾಗಿತ್ತು. ಜಟ್ಟೆಮ್ಮನ ಲೆಕ್ಕದಲ್ಲಿ ಅದು ಪುಣ್ಯದ ಕೆಲಸ. ಉದುರಿದ ಹಾಲುಹಲ್ಲನ್ನು ಸೂರಿನ ಮೇಲೆ ಎಸೆಯದಿದ್ದರೆ ಮಗುವಿಗೆ ಹೊಸ ಹಲ್ಲು ನೆಟ್ಟಗೆ ಬರುವುದುಂಟೇ? ಯಾರ ಮಕ್ಕಳೋ ಏನೋ, ಪಾಪ ಎಂದುಕೊಂಡು ಬೀದಿ ಹಸುವಿನ ಹಿಂದೆ ಅಲೆದು ಸೆಗಣಿ ತಂದಿದ್ದಳು. ಹನ್ನೆರಡು ಉಂಡೆ ಕಟ್ಟಿ, ಸ್ಕೂಟರ್ ನಿಲ್ಲಿಸುವ ಕಡೆಯ ತಗಡಿನ ಸೂರಿನ ಮೇಲೆ ಎಸೆದಿದ್ದಳು.

ಇಬ್ಬರೂ ಏಣಿ ಹಾಕಿ ಹತ್ತಿದರು. ಕಾಗೆ ಕೆದಕಿದ ಉಂಡೆಗಳಲ್ಲಿ ಸಿಕ್ಕಿದ್ದು ಐದೇ ಹಲ್ಲು, ಅವೂ ಬಿಸಿಲಿಗೆ ಬಿರುಕು ಬಿಟ್ಟಿದ್ದವು. ಇಳಿಯುವಷ್ಟರಲ್ಲಿ ವಿಭಾಗದ ಮುಖ್ಯಸ್ಥರಾದ ಭಗವಂತರಾಯರು ಕೆಳಗೆ ನಿಂತಿದ್ದರು. ಸಂಘಮಿತ್ರಾಳ ಅಂಗೈಯಲ್ಲಿದ್ದ ಹಲ್ಲುಗಳನ್ನು ನೋಡಿ, "ಯಾರು ಮಾಡಿದ್ದು ಇದು?" ಎಂದರು.

ಜಟ್ಟೆಮ್ಮ ಮುಂದೆ ಬಂದಳು. ಸುಮ್ಮನಿದ್ದರೆ ಬಚಾವಾಗಬಹುದಿತ್ತೇನೋ. "ನಾನ್ರೀ, ಸಾಹೇಬ್ರ," ಎಂದಳು.

"ಇಲ್ಲ ಸರ್, ಮೇಲೆ ಹಾಕಿ ಅಂತ ನಾನೇ ಹೇಳಿದ್ದೆ," ಎಂದಳು ಸಂಘಮಿತ್ರಾ.

ರಾಯರು ಕಲಬುರಗಿಯವರು. ತಗಡನ್ನೊಮ್ಮೆ, ಜಟ್ಟೆಮ್ಮನನ್ನೊಮ್ಮೆ ನೋಡಿದರು. "ಸೆಗಣಿ ಹಚ್ಚಿ ಒಗದಿಯೇನವಾ?"

"ಹೌದ್ರಿ."

"ನಮ್ಮವ್ವನೂ ಹಂಗೇ ಒಗೀತಿದ್ಲು." ಆದರೆ ಅವರು ನಗಲಿಲ್ಲ. "ಪ್ರಯೋಗ ಮೊದಲಿಂದ ಸುರು ಮಾಡ್ರಿ. ಹಲ್ಲು ಹೊಂದಿಸೋದು ನಿಮ್ಮಿಬ್ಬರ ಜವಾಬ್ದಾರಿ."

ಕೆಲಸ ಉಳಿಯಿತು. ಆ ರಾತ್ರಿ ಲಿಂಗರಾಜಪುರದ ಬಾಡಿಗೆ ಕೋಣೆಯಲ್ಲಿ ಜಟ್ಟೆಮ್ಮ ಅತ್ತುಬಿಟ್ಟಳು.

ಮರುವಾರ ಆಕೆ ಸೆರಗಿನ ಗಂಟು ಬಿಚ್ಚಿ ಸಂಘಮಿತ್ರಾಳ ಮುಂದೆ ಹಿಡಿದಳು. ಮೊಮ್ಮಗಳು ಪ್ರಿಯದರ್ಶಿನಿಯ ಮುಂದಿನ ಹಲ್ಲು, ನಿನ್ನೆಯಷ್ಟೇ ಉದುರಿದ್ದು.

"ಇದನ್ನ ಒಗದಿಲ್ರೀ ಎವ್ವಾ. ಕೂಸಿಗಿ ಹಲ್ಲು ಸೊಟ್ಟ ಬಂದ್ರ ನಿಮ್ಮನ್ನ ಬಿಡಂಗಿಲ್ಲ ನೋಡ್ರಿ."