ಮುಚ್ಚಳ ಮುಚ್ಚಿ ಎಂಟು ಗಂಟೆ

ನಾದಿನಿ ಅತ್ತಿಗೆಯನ್ನು ಹೊಗಳಿದರೆ ಏನೋ ಕೆಲಸ ಆಗಬೇಕಿದೆ ಎಂದು ಜನ ಅನುಮಾನಪಡುತ್ತಾರೆ. ನನಗೆ ಅವಳಿಂದ ಆಗಬೇಕಾದದ್ದು ಏನೂ ಇಲ್ಲ. ನಾನು ಅವಳಿಗಿಂತ ಎರಡು ವರ್ಷ ದೊಡ್ಡವಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, ಸುಮ್ಮಸುಮ್ಮನೆ ಯಾರನ್ನೂ ಹೊಗಳುವವಳಲ್ಲ. ನಮ್ಮಣ್ಣನ ಹೆಂಡತಿ ಕಂಪ್ಯೂಟರ್ ರಿಪೇರಿಯಲ್ಲಿ ಎತ್ತಿದ ಕೈ ಎಂದು ನಾನು ಹೇಳಿದರೆ ಅದು ನಿಜವೆಂದೇ ತಿಳಿಯಿರಿ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಹತ್ತಿರ ಕೌಂಟರಿನಲ್ಲಿ ನಾನು. ನಡುವೆ ಒಂದು ಮರದ ಅಡ್ಡಗೋಡೆ, ಅದರಾಚೆ ಉದ್ದನೆಯ ಮೇಜು, ಸ್ಕ್ರೂಗಳ ಡಬ್ಬಿಗಳು, ಗೋಡೆಗೊಂದು ಥರ್ಮಾಮೀಟರು. ಯಾವ ಯಂತ್ರ ಬಂದರೂ ಅತ್ತಿಗೆ ಮೊದಲು ಅದರ ಕಾವು ನೋಡುತ್ತಾಳೆ. ಅದಕ್ಕೇ ಬೀದಿಯವರು ಅವಳನ್ನು ಜ್ವರದ ಡಾಕ್ಟ್ರು ಎನ್ನುತ್ತಾರೆ. ನಮ್ಮಪ್ಪ ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಅಂಗಡಿಯ ಪುಟ್ಟ ವ್ಯಾನು ಓಡಿಸುತ್ತಾರೆ, ಮಿಕ್ಕ ಹೊತ್ತು ಅಡ್ಡಗೋಡೆಯಾಚೆ ಕುರ್ಚಿ ಹಾಕಿಕೊಂಡು ರೇಡಿಯೋ ಕೇಳುತ್ತಾರೆ.

ಅತ್ತಿಗೆಯದು ಒಂದೇ ಶಾಸನ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೆ ತಯಾರಕರು ಇಷ್ಟೇ ವೇಗ ಎಂದು ಗೊತ್ತು ಮಾಡಿರುತ್ತಾರೆ. ಅದನ್ನು ಮೀರಿ ಓಡಿಸುವುದಕ್ಕೆ ಓವರ್‌ಕ್ಲಾಕ್ ಎಂದು ಹೆಸರು. ಹೆಚ್ಚು ಓಡಿದರೆ ಹೆಚ್ಚು ಕಾವು, ಕಾವೇರಿದರೆ ಲೆಕ್ಕ ತಪ್ಪಿ ಯಂತ್ರ ನಿಂತೇ ಹೋಗುತ್ತದೆ. ಆದ್ದರಿಂದ ವೇಗ ಏರಿಸಿದ ಪ್ರತಿಯೊಂದು ಯಂತ್ರಕ್ಕೂ ಮುಚ್ಚಳ ಮುಚ್ಚಿ, ಎಂಟು ಗಂಟೆ ಬಿಡುವಿಲ್ಲದೆ ಕಠಿಣ ಲೆಕ್ಕ ಕೊಟ್ಟು ದುಡಿಸುತ್ತಾಳೆ. ಕಾವು ತೊಂಬತ್ತೈದು ಡಿಗ್ರಿ ದಾಟಬಾರದು, ಒಂದು ಲೆಕ್ಕವೂ ತಪ್ಪಬಾರದು. ಗೆದ್ದರೆ ಮಾತ್ರ ‘ನಿಲ್ಲುವುದಿಲ್ಲ, ಓಡುತ್ತದೆ’ ಎಂದು ಚೀಟಿ ಬರೆದು ಸಹಿ ಹಾಕುತ್ತಾಳೆ. ಆ ಚೀಟಿ ಸುಳ್ಳಾದದ್ದು ಒಂದೇ ಒಂದು ಸಲ.

ಆ ಯಂತ್ರ ಬೊಂಬೆ ಮೇಡಂ ಅವರದು. ಹಿಂದಿನ ಬೀದಿಯಲ್ಲಿ ಒಂಟಿಯಾಗಿದ್ದು, ಕಂಪ್ಯೂಟರಿನಲ್ಲಿ ಬೊಂಬೆ ಕುಣಿಸಿದ ಹಾಗೆ ಚಲಿಸುವ ಚಿತ್ರ ಮಾಡುವ ಹೆಣ್ಣುಮಗಳು, ಅದಕ್ಕೇ ಆ ಹೆಸರು. ಕೆಲಸ ಮಾಡುತ್ತಿದ್ದ ಸ್ಟುಡಿಯೋದವರು ನಿನ್ನ ಕೈ ನಿಧಾನ ಎಂದು ಹೊರಗೆ ಕಳಿಸಿದ ಮೇಲೆ ಆಕೆಗೆ ಸ್ವಂತಕ್ಕೆ ಸಿಕ್ಕ ಮೊದಲ ಕೆಲಸ ಅದು. ಹೃದಯ ಹೇಗೆ ಮಿಡಿಯುತ್ತದೆ ಎಂದು ವೈದ್ಯಕೀಯ ಕಾಲೇಜಿನ ಮಕ್ಕಳಿಗೆ ತೋರಿಸುವ ಒಂದು ನಿಮಿಷದ ಚಿತ್ರ. ಭಾನುವಾರ ಸಂಜೆ ಆರಕ್ಕೆ ಕಳಿಸಬೇಕು. ಆಕೆಯ ಪಾಲಿನದೆಲ್ಲ ಮುಗಿದಿತ್ತು. ಇನ್ನು ಯಂತ್ರ ಕೂತು ಒಂದೊಂದೇ ಚೌಕಟ್ಟು, ಅಂದರೆ ಒಂದೊಂದೇ ಬಿಡಿಚಿತ್ರ, ಬರೆಯಬೇಕಿತ್ತು. ಇದ್ದ ವೇಗದಲ್ಲಿ ಅದಕ್ಕೆ ಐವತ್ತೆಂಟು ಗಂಟೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದರೂ ಎರಡು ಗಂಟೆ ತಡ. ಅತ್ತಿಗೆ ವೇಗ ಏರಿಸಿ ಅದನ್ನು ನಲವತ್ತೆಂಟಕ್ಕೆ ಇಳಿಸಿದಳು.

ಗುರುವಾರ ಒಂಬತ್ತಕ್ಕೆ ಪರೀಕ್ಷೆ ಹಚ್ಚಿ ಅವಳು ಶಾಲೆಯೊಂದರ ಕಂಪ್ಯೂಟರ್ ಕೋಣೆಯ ಕೆಲಸಕ್ಕೆ ಹೋದಳು. ಸಂಜೆ ಐದಕ್ಕೆ ಬಂದು ನೋಡಿದರೆ ತಪ್ಪಿದ ಲೆಕ್ಕ ಒಂದೂ ಇಲ್ಲ, ಅತಿ ಹೆಚ್ಚಿನ ಕಾವು ತೊಂಬತ್ತೆರಡು. ಚೀಟಿ ಬರೆದಳು. ಮರುದಿನ ಬೆಳಿಗ್ಗೆ ಅಪ್ಪ ವ್ಯಾನಿನಲ್ಲಿ ಯಂತ್ರ ತಲುಪಿಸಿ ಬಂದರು, ಹತ್ತಕ್ಕೆ ಚಿತ್ರದ ಕೆಲಸ ಶುರುವಾಯಿತು.

ಶುಕ್ರವಾರ ಸಂಜೆ ಐದೂವರೆಗೆ ಫೋನು ಬಂತು. ಬೊಂಬೆ ಮೇಡಂ ಮಧ್ಯಾಹ್ನ ಹೊರಗೆ ಹೋಗಿದ್ದರಂತೆ, ಬಂದು ನೋಡಿದರೆ ಸ್ಕ್ರೀನು ನೀಲಿಯಾಗಿ ನಿಂತಿದೆ. ನಿಂತದ್ದು ಒಂದು ಗಂಟೆಗೆ. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಮಣ್ಣುಪಾಲಾಗಿತ್ತು. ಅತ್ತಿಗೆ ಚೀಲ ಹೆಗಲಿಗೇರಿಸಿದಳು. ಗಿರಾಕಿಯ ಬಾಯಿಗೆ ಅವಳೊಬ್ಬಳನ್ನೇ ಬಿಡುವ ಜಾಯಮಾನ ನನ್ನದಲ್ಲ, ಅಂಗಡಿಗೆ ಬೀಗ ಜಡಿದು ನಾನೂ ವ್ಯಾನು ಹತ್ತಿದೆ. ಅಪ್ಪ ದಾರಿಯುದ್ದಕ್ಕೂ ಎರಡನೇ ಗೇರಿನಲ್ಲೇ ಓಡಿಸಿದರು.

ಬೊಂಬೆ ಮೇಡಂ ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ನಮ್ಮ ಚೀಟಿ ಹಿಡಿದು ಮಂಚದ ತುದಿಯಲ್ಲಿ ಕೂತಿದ್ದರು. ಅತ್ತಿಗೆ ಯಂತ್ರದ ಮುಂದೆ ಕೂತು ಗುರುವಾರದ ಪರೀಕ್ಷೆಯಲ್ಲಿ ಅದು ಬರೆದಿಟ್ಟುಕೊಂಡಿದ್ದ ಕಾವಿನ ಏರಿಳಿತದ ಗೆರೆಯನ್ನು ಮೊದಲಿನಿಂದ ಬಿಡಿಸಿ ನೋಡಿದಳು.

“ಒಂಬತ್ತೂವರೆಗೆ ತೊಂಬತ್ತೆರಡು, ಇನ್ನೂ ಏರ್ತಾ ಇದೆ. ಆಮೇಲೆ ಹತ್ತೇ ನಿಮಿಷದಲ್ಲಿ ಎಪ್ಪತ್ತೊಂಬತ್ತಕ್ಕೆ ಬಿದ್ದಿದೆ, ಸಂಜೆವರೆಗೂ ಅಲ್ಲೇ ಇದೆ” ಎಂದಳು. “ಇದನ್ನ ನಾನು ನಿನ್ನೆ ನೋಡಲೇ ಇಲ್ಲ. ಹೆಚ್ಚಿನ ಅಂಕಿ ಒಂದು ನೋಡ್ದೆ, ಸಾಕು ಅಂದ್ಕೊಂಡೆ. ತಪ್ಪು ನಂದು ಮೇಡಂ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಹೇಳುವವಳು ಅವಳು.

“ಈಗೇನ್ ಮಾಡೋದು?” ಎಂದರು ಬೊಂಬೆ ಮೇಡಂ.

“ಯಾಕೆ ಬಿತ್ತು ಅಂತ ಗೊತ್ತಾಗದೆ ಈ ವೇಗದಲ್ಲಿ ಮತ್ತೆ ಬಿಡಲ್ಲ. ಇನ್ನೊಂದ್ಸಲ ನಿಂತ್ರೆ ಎಲ್ಲಾ ಹೋಯ್ತು. ಹಳೇ ವೇಗಕ್ಕೆ ಇಳಿಸ್ತೀನಿ. ಭಾನುವಾರ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತೆ.”

“ಆರು ಅಂದ್ರೆ ಆರೇ, ಅಕ್ಕ. ತಡ ಆದ್ರೆ ನನ್ನ ಹಳೇ ಸ್ಟುಡಿಯೋಗೆ ಕೊಡ್ತೀವಿ ಅಂತ ಆಗಲೇ ಹೇಳಿದಾರೆ. ಕೈ ನಿಧಾನ ಅಂತ ಅವರು ಅಂದಿದ್ದು ನಿಜ ಆಗಿಬಿಡುತ್ತೆ.”

ಬಾಗಿಲಲ್ಲಿ ನಿಂತಿದ್ದ ಅಪ್ಪ ಅಂಗಿಯ ಜೇಬು ಮುಟ್ಟಿಕೊಂಡರು, ಕನ್ನಡಕ ತೆಗೆದರು, ಮತ್ತೆ ಹಾಕಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಲ್ಲಿ ಕಳ್ಳ ಎಂದು ಯಾರೂ ಅಂದೇ ಇರಲಿಲ್ಲ.

“ಬಾನೆಟ್ ನಾನೇ ಎತ್ತಿದ್ದಮ್ಮ” ಎಂದರು.

ಯಾರಿಗೂ ಅರ್ಥವಾಗಲಿಲ್ಲ. ಅಪ್ಪ ಯಂತ್ರದ ಪಕ್ಕದ ಮುಚ್ಚಳ ತೋರಿಸಿದರು. “ಇದು. ಸ್ಕ್ರೀನಲ್ಲಿ ಕೆಂಪು ಅಂಕಿ ಏರ್ತಾನೇ ಇತ್ತು. ಏರು ಹತ್ತುವಾಗ ಇಂಜಿನ್ ಕಾದ್ರೆ ಬಾನೆಟ್ ಎತ್ತಿಡ್ತಿದ್ವಿ ನಾವು. ನೋಡ್ಕೊಂಡು ಕೂತಿರೋಕೆ ಆಗ್ಲಿಲ್ಲ, ಕೈ ತಾನಾಗೇ ಹೋಯ್ತು. ನಿನ್ನ ಸ್ಕೂಟರ್ ಸದ್ದು ಕೇಳಿದಾಗ ಹೆದರಿ ಮುಚ್ಚಿಬಿಟ್ಟೆ.”

ನನ್ನ ಪಿತ್ತ ನೆತ್ತಿಗೇರಿತು. “ನಿನ್ನೆಯಿಂದ ಬಾಯಲ್ಲಿ ಏನ್ ಕಡುಬು ಇಟ್ಕೊಂಡಿದ್ದೆ ಅಪ್ಪ? ಇವಳ ಹೆಸರಿಗೆ ಮಸಿ ಬಳಿದು, ಈ ಹೆಣ್ಣುಮಗಳ ಹೊಟ್ಟೆ ಮೇಲೆ ಹೊಡೆದು...”

“ಸ್ವಲ್ಪ ಇರಿ” ಎಂದಳು ಅತ್ತಿಗೆ. ಅವಳ ಕಣ್ಣು ಅಪ್ಪನ ಮೇಲೇ ಇತ್ತು. “ಎಷ್ಟು ಹೊತ್ತಿಗೆ ತೆಗೆದ್ರಿ ಮಾವ? ಸರಿಯಾಗಿ ಹೇಳಿ.”

“ಒಂಬತ್ತೂವರೆ. ರೇಡಿಯೋದಲ್ಲಿ ವಾರ್ತೆ ಮುಗಿದಿತ್ತು.”

“ನಡುವೆ ಮುಚ್ಚಿದ್ರಾ? ಫ್ಯಾನ್ ಏನಾದ್ರೂ ತಿರುಗಿಸಿ ಇಟ್ರಾ?”

“ಫ್ಯಾನು ಗೀನು ಏನೂ ಇಲ್ಲ. ಬಾನೆಟ್ ಅಷ್ಟೇ. ಐದಕ್ಕೆ ಒಂದೆರಡು ನಿಮಿಷ ಇರುವಾಗ ಮುಚ್ಚಿದ್ದು.”

ಅತ್ತಿಗೆ ಬೆರಳು ಮಡಚಿ ಎಣಿಸಿದಳು. ಅವಳ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಣ್ಣಾರೆ ಕಂಡೆ. “ಮೇಡಂ, ಪರೀಕ್ಷೆ ಸುಳ್ಳಲ್ಲ. ನಾನು ಮುಚ್ಚಿದ ಯಂತ್ರಕ್ಕೆ ಅಂತ ಬರೆದೆ, ಆಗಿದ್ದು ತೆರೆದ ಯಂತ್ರಕ್ಕೆ. ತೆರೆದಿಟ್ಟರೆ ಇದೇ ವೇಗದಲ್ಲಿ ಏಳು ಗಂಟೆಗೂ ಮೇಲೆ ಒಂದೂ ತಪ್ಪಿಲ್ಲದೆ ಓಡಿದೆ. ಹೊಸದಾಗಿ ಪರೀಕ್ಷೆ ಬೇಕಾಗಿಲ್ಲ, ಈಗಲೇ ಹಚ್ಚಬಹುದು.”

ಚೀಲದಿಂದ ಥರ್ಮಾಮೀಟರು ತೆಗೆದು ಕೋಣೆಯ ಕಾವು ನೋಡಿದಳು. ಗುರುವಾರ ನಮ್ಮ ಅಂಗಡಿಯಲ್ಲಿ ಮೂವತ್ತೊಂದು ಇತ್ತು, ಇಲ್ಲಿ ಮೂವತ್ತು. ಮೇಜಿನ ಕೆಳಗಿನ ಕಪಾಟಿನಲ್ಲಿ ತುರುಕಿದ್ದ ಯಂತ್ರವನ್ನು ಎಳೆದು ಮೇಜಿನ ಮೇಲಿಟ್ಟಳು, ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿದಳು. ಸರಿಯಾಗಿ ಆರು ಗಂಟೆಗೆ ಚಿತ್ರ ನಿಂತಲ್ಲಿಂದ ಮುಂದಕ್ಕೆ ಹೊರಟಿತು. ಉಳಿದದ್ದು ನಲವತ್ತೈದು ಗಂಟೆ. ಎಲ್ಲ ಸರಿಹೋದರೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಮುಗಿಯಬೇಕು.

“ಆದ್ರೆ ನನ್ನ ಬೆಕ್ಕು?” ಎಂದರು ಬೊಂಬೆ ಮೇಡಂ. ಮಂಚದ ಕೆಳಗಿಂದ ದಪ್ಪನೆಯ ಬೆಕ್ಕೊಂದು ತಿರುಗುವ ಫ್ಯಾನನ್ನೇ ದಿಟ್ಟಿಸುತ್ತಿತ್ತು.

“ಅದನ್ನ ನಾನು ನೋಡ್ಕೋತೀನಿ” ಎಂದರು ಅಪ್ಪ. ಸಂಜೆಯಿಂದ ಬೆಳಗಿನವರೆಗೆ ಬೊಂಬೆ ಮೇಡಂ ಬೆಕ್ಕನ್ನು ಅಡುಗೆಮನೆಗೆ ಹಾಕಿ ಬಾಗಿಲು ಮುಚ್ಚಿ ತಾವೇ ಕಾದರು. ಶನಿವಾರ, ಭಾನುವಾರ ಹಗಲೆಲ್ಲ ಅಪ್ಪನ ಪಾಳಿ. ಬುತ್ತಿ ಕೊಡಲು ಹೋದಾಗ ನೋಡಿದೆ, ಬೆಕ್ಕು ಅವರ ತೊಡೆಯ ಮೇಲೆ ಮಲಗಿತ್ತು, ಅವರ ಕಣ್ಣು ಕಾವಿನ ಅಂಕಿಯ ಮೇಲಿತ್ತು. ಅಂಕಿ ಎಂಬತ್ತು ಮುಟ್ಟಿದಾಗೆಲ್ಲ ಬಲಗಾಲು ಬ್ರೇಕ್ ಒತ್ತಿದ ಹಾಗೆ ನೆಲ ಒತ್ತುತ್ತಿತ್ತು. ಬೈದದ್ದಕ್ಕೆ ನನಗೆ ಪಾಪ ಅನ್ನಿಸಿತು. ಬಾಯಿಬಿಟ್ಟು ಹಾಗೇ ಹೇಳಿದೆ. “ಬೈಬೇಕಾದ್ದೇ ಬೈದೆ” ಎಂದರು ಅಪ್ಪ, ಅಂಕಿಯಿಂದ ಕಣ್ಣು ತೆಗೆಯದೆ.

ಭಾನುವಾರ ಮೂರಕ್ಕೆ ಐದು ನಿಮಿಷ ಇರುವಾಗ ಕೊನೆಯ ಚೌಕಟ್ಟು ಮುಗಿಯಿತು. ನಾವೆಲ್ಲ ನಿಂತು ನೋಡಿದೆವು. ಕತ್ತಲಲ್ಲಿ ಹೃದಯವೊಂದು ಮಿಡಿಯುತ್ತಾ ಬಂತು, ಮುಂಭಾಗ ಮೆಲ್ಲಗೆ ತೆರೆದುಕೊಂಡಿತು, ಒಳಗಿನ ಕವಾಟಗಳು ಒಂದೊಂದಾಗಿ ಬಿಚ್ಚಿ ಮುಚ್ಚಿದವು.

“ಇವರೂ ಬಾನೆಟ್ ಎತ್ತೇ ತೋರಿಸಿದಾರೆ” ಎಂದರು ಅಪ್ಪ. ಬೊಂಬೆ ಮೇಡಂ ನಗುತ್ತಲೇ ಅತ್ತರು. ಮೂರೂವರೆಗೆ ಚಿತ್ರ ಕಾಲೇಜಿಗೆ ಹೋಯಿತು, ನಾಲ್ಕೂವರೆಗೆ ತಲುಪಿತು ಎಂದು ಉತ್ತರ ಬಂತು, ನಮ್ಮೆಲ್ಲರ ಹೊಟ್ಟೆಯಲ್ಲಿ ಹಾಲು ಹುಯ್ದಂತಾಯಿತು.

ಅತ್ತಿಗೆ ಹಳೆಯ ಚೀಟಿ ಹರಿದಳು. ಹೊಸದರಲ್ಲಿ ‘ಮುಚ್ಚಳ ತೆರೆದಿದ್ದರೆ ನಿಲ್ಲುವುದಿಲ್ಲ, ಓಡುತ್ತದೆ’ ಎಂದು ಬರೆದು ಪೆನ್ನನ್ನು ಅಪ್ಪನ ಮುಂದೆ ಹಿಡಿದಳು.

“ಈ ಪರೀಕ್ಷೆ ಮಾಡಿದ್ದು ನೀವು ಮಾವ. ಸಹಿ ನೀವೇ ಹಾಕಬೇಕು.”

ಅಪ್ಪ ಕನ್ನಡಕ ಸರಿಮಾಡಿಕೊಂಡು, ಬಸ್ಸಿನ ಟ್ರಿಪ್ ಶೀಟಿಗೆ ಹಾಕುತ್ತಿದ್ದ ಹಾಗೆಯೇ ಉದ್ದಕ್ಕೆ ಸಹಿ ಹಾಕಿದರು. ಬೊಂಬೆ ಮೇಡಂ ಚೀಟಿಗೆ ಕೈ ಚಾಚುವಷ್ಟರಲ್ಲಿ ಅಪ್ಪ ಅದನ್ನು ನಾಲ್ಕಾಗಿ ಮಡಚಿ, ಲೈಸೆನ್ಸ್ ಇಡುವ ಜೇಬಿಗೆ ಇಟ್ಟುಕೊಂಡುಬಿಟ್ಟರು. ಅತ್ತಿಗೆ ಇನ್ನೊಂದು ಚೀಟಿ ಬರೆಯಲು ಕೂತಳು.